ಆಗರ

ಕೈಪಿಡಿಯಲ್ಲಿ ‘ಫಾರ್ಮ್’ ಎಂದಿತ್ತು.
ತರಬೇತಿಗೆ ಬಂದವರು ಹೊಲ ಎಂದರು, ತೋಟ ಎಂದರು.
ನಾನು ಆಗರ ಅಂದುಕೊಂಡೆ, ಯಾರಿಗೂ ಹೇಳಲಿಲ್ಲ.
ಸಾಣಿಕಟ್ಟೆಯವಳು; ಬೆಳೆ ಎಂದರೆ ನನಗೆ
ನೀರು ನಿಲ್ಲಿಸಿ ಬಿಳಿ ತೆಗೆಯುವುದು.

ಬೈತಖೋಲದ ದಕ್ಕೆಯಿಂದ ಕೂಗಳತೆ ದೂರ,
ಕಿಟಕಿಯಿಲ್ಲದ ಕಟ್ಟಡದೊಳಗೆ
ಇನ್ನೂರ ನಲವತ್ತು ಸರ್ವರುಗಳು.
ಮೇ ತಿಂಗಳಲ್ಲೂ ಸ್ವೆಟರು ತೊಟ್ಟು ಕೂರುತ್ತೇನೆ.
ಹೊರಗೆ ಕಾಲಿಟ್ಟರೆ ಕನ್ನಡಕದ ಮೇಲೆ
ಕಾರವಾರ ಮಂಜಾಗಿ ಕೂರುತ್ತದೆ.

ವಿಷಯ ಇಷ್ಟೇ: ಯಂತ್ರ ಇದ್ದಲ್ಲೇ ಇರುತ್ತದೆ,
ಹೆಸರು ಓಡಾಡುತ್ತದೆ.
ಮೂರನೇ ಸಾಲಿನ ಎಂಟು, ಒಂಬತ್ತನೇ ಸಾಲಿನ ನಾಲ್ಕು,
ಮೂಲೆಯಲ್ಲಿ ಗುರಗುಟ್ಟುತ್ತಿದ್ದ ಆ ಹಳೆಯ ಒಂದು,
ಒಂದರ ಮುಖ ಇನ್ನೊಂದು ಕಂಡದ್ದಿಲ್ಲ,
ಇವಿಷ್ಟೂ ಸೇರಿ ‘ಮೀನು ಹರಾಜು’,
ಬೆಳಗಿನ ನಾಲ್ಕರಿಂದ, ಬಂಗಡೆಗೆ ಬೆಲೆ ಕೂಗುವ ಹೊತ್ತು.
ಬಿಸಿಲೇರಿದರೆ ಅವೇ ‘ಪಹಣಿ’.
ಕತ್ತಲಾದರೆ ಅವೇ ‘ಆಸ್ಪತ್ರೆ ಲೆಕ್ಕ’.
ನಡುವಿನ ಒಡ್ಡು ಯಾರ ಕಣ್ಣಿಗೂ ಬೀಳುವುದಿಲ್ಲ.
ನಮ್ಮಲ್ಲಿ ಕೆಸರು ತುಳಿದು ಒಡ್ಡು ಕಟ್ಟುತ್ತಿದ್ದರು,
ಅಂಗಾಲಿನ ಅಚ್ಚು ಒಣಗಿ
ಮಳೆ ಬೀಳುವ ತನಕ ಉಳಿಯುತ್ತಿತ್ತು.
ಇಲ್ಲಿ ಒಂದು ಸಾಲು ಬರೆಯುತ್ತೇನೆ, ಒಡ್ಡು ಸರಿಯುತ್ತದೆ.

ಮೊದಮೊದಲು ಎಲ್ಲ ಕೈಯಾರೆ.
ನಾನೂ ಇನಾಸ ಲೋಪೀಸನೂ ರಾತ್ರಿಯಿಡೀ
ಒಂದೊಂದನ್ನೇ ನಿಲ್ಲಿಸಿ, ಒರೆಸಿ, ಹೊಸ ಹೆಸರಿಟ್ಟು, ಎಬ್ಬಿಸಿ.
‘ಉಟ್ ರೆ ಪುತಾ’ ಅನ್ನುತ್ತಿದ್ದ ಅವನು ಪ್ರತಿಯೊಂದಕ್ಕೂ.
ಈಗ ನಿಯಮ ಬರೆದಿಟ್ಟರೆ ಸಾಕು:
ಸರದಿ ಉದ್ದವಾದರೆ ಎರಡು ತೆಗೆದುಕೋ,
ಗಿಡ್ಡವಾದರೆ ಬಿಟ್ಟುಕೊಡು,
ಸತ್ತದ್ದನ್ನು ಎಣಿಸಬೇಡ.
ಕೊನೆಯದನ್ನು ಬರೆದದ್ದು ನಾನೇ.

ಆ ಶನಿವಾರ ಬಂದರಿನಲ್ಲಿ ಮೂರನೇ ನಂಬರು ಏರಿತು.
ಕಾಳಿ ಸೇತುವೆಯ ಆಚೆಗೇ ಲಾರಿಗಳು ನಿಂತವು.
ರಾತ್ರಿ ಹನ್ನೊಂದೂವರೆಗೆ
‘ಬೋಟು ಎಲ್ಲಿ’ ಎಂಬ ನಮ್ಮ ಚಿಕ್ಕ ಆಗರ ಉಕ್ಕಿತು:
ಮಾಜಾಳಿಯಿಂದ ಭಟ್ಕಳದ ತನಕ
ಎಲ್ಲ ಮನೆಯ ಫೋನುಗಳದೂ ಒಂದೇ ಪ್ರಶ್ನೆ.
ನನ್ನ ಬೆರಳು ಕೀಲಿಮಣೆಗೆ ತಾಗುವ ಮೊದಲೇ
ತಂತ್ರಾಂಶ ತೂಬು ಎತ್ತಿಯಾಗಿತ್ತು.
ಪಹಣಿಯಿಂದ ಇಪ್ಪತ್ತು, ಹರಾಜಿನಿಂದ ಅಷ್ಟಕ್ಕಷ್ಟೂ.
ನಾಳೆ ಮೀನಿಲ್ಲ ಎಂದು ಅದಕ್ಕೆ ಯಾರು ಹೇಳಿದರು?
ಯಾರೂ ಇಲ್ಲ. ಸರದಿ ಖಾಲಿಯಿತ್ತು, ಅಷ್ಟೇ.
ಪರದೆಯ ಮೇಲೆ ಒಂದರ ಹಿಂದೊಂದು ಹಸಿರು.
ಚಹಾ ಆರಿತು.

ವಾಚ್‌ಮನ್ ರೋಹಿದಾಸ ಬಾನಾವಳಿಕರ ಮೂರು ಸಲ ಬಂದು ಹೋದ.
ಅವನ ಭಾವನ ಬೋಟು ಗುರುವಾರ ಹೋದದ್ದು.

ಎರಡು ಗಂಟೆಗೆ, ಮಾಡಲು ಏನೂ ಉಳಿಯದೆ,
ಟಾರ್ಚು ಹಿಡಿದು ಸಾಲುಗಳ ನಡುವೆ ನಡೆದೆ.
ಮೂಲೆಯದು ಗುರಗುಟ್ಟುತ್ತಿರಲಿಲ್ಲ.
ಬಾಗಿಲು ತೆರೆದೆ:
ಫ್ಯಾನಿನ ರೆಕ್ಕೆಗೆ, ತಿರುಪುಗಳಿಗೆ, ತಾಮ್ರದ ಗೆರೆಗಳಿಗೆ
ಹಸಿರು ಕಿಲುಬು, ಅದರ ಮೇಲೆ ಬಿಳಿ ಪುಡಿ.
ಮಾಡಬಾರದಿತ್ತು, ನಾಲಿಗೆಗೆ ಮುಟ್ಟಿಸಿದೆ.
ಉಪ್ಪು.

ದಾಖಲೆ ತೆಗೆದರೆ, ಸತ್ತು ಹತ್ತೊಂಬತ್ತು ದಿನ.
ಹತ್ತೊಂಬತ್ತು ದಿನವೂ ಬಂಗಡೆಯ ಬೆಲೆ ತಪ್ಪಿಲ್ಲ,
ಯಾರ ಪಹಣಿಯೂ ನಿಂತಿಲ್ಲ.
ನನ್ನ ನಿಯಮ ಚೆನ್ನಾಗಿಯೇ ಕೆಲಸ ಮಾಡಿತ್ತು.

ನಾಲ್ಕು ಹತ್ತಕ್ಕೆ ಉತ್ತರ ಬಂತು:
ಕೂರ್ಮಗಡದ ಮರೆಯಲ್ಲಿ ಲಂಗರು, ಏಳು ಜನ, ಏಳೂ ಜನ.
ರೋಹಿದಾಸ ಚಪ್ಪಲಿ ಕಳಚಿ ಒಳಗೆ ಬಂದ.
‘ಬಾಯಿ, ಯಾವುದು ಹೇಳಿದ್ದು?’
ಯಾವುದೆಂದು ತೋರಿಸಲಿ? ಹೇಳಿದ್ದು ಒಂದು ಹೆಸರು,
ಅದರಡಿ ಆ ಗಳಿಗೆಗೆ ಸೇರಿದ್ದ ನಲವತ್ತೊಂದು ಪೆಟ್ಟಿಗೆ,
ಗಾಳಿ ಇಳಿಯುತ್ತಲೇ ಅವೂ ಚದುರತೊಡಗಿದ್ದವು.
ಅವನು ಕಾಯಲಿಲ್ಲ.
ಬಾಗಿಲು ತೆರೆದೇ ಇದ್ದ ಆ ಮೂಲೆಯದಕ್ಕೆ
ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡ.
ನಾನು ತಿದ್ದಲಿಲ್ಲ.

ಬೆಳಕಾಗುವ ಮುಂಚೆ ನಿಯಮಕ್ಕೆ ಎರಡು ಪದ ಸೇರಿಸಿದೆ:
ಎಣಿಸಬೇಡ, ನನಗೆ ಹೇಳು.
ಆಮೇಲೆ ಇನಾಸನಿಗೆ ಫೋನು ಹಚ್ಚಿದೆ.
ಬರುವಾಗ ಸ್ಕ್ರೂಡ್ರೈವರು ತಾ, ಒಂದು ಪಾಕೀಟು ಸಿಮೆಂಟೂ.
ಪಡುವಣ ಗೋಡೆ ಎಲ್ಲೋ ಬಿರುಕು ಬಿಟ್ಟಿದೆ,
ಸಮುದ್ರ ಒಳಗೆ ಬರುತ್ತಿದೆ.